ಕುಂಟಲಪದವಿನ ಶ್ಯಾಮ ಭಟ್ಟರ ಪಟ್ಟಿ

ನಾನು ಮುಂಗೋಪಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೇಗೂ ಮುಂದೆ ಓದುತ್ತಾ ಹೋದ ಹಾಗೆ ನಿಮಗೇ ಗೊತ್ತಾಗುತ್ತದೆ. ಬರೆಯಹೊರಟದ್ದು ನನ್ನ ವಿಷಯವಲ್ಲ, ಕುಂಟಲಪದವಿನಲ್ಲಿ ಅಂಗಡಿ ಇಟ್ಟಿದ್ದ ಶ್ಯಾಮ ಭಟ್ಟರ ವಿಷಯ. ಆದರೆ ನನ್ನನ್ನು ಹೊರಗಿಟ್ಟು ಅವರ ಕತೆ ಹೇಳಲಿಕ್ಕೆ ಬರುವುದಿಲ್ಲ. ಅದೇ ತೊಂದರೆ. ಐದಾರು ವರ್ಷದಿಂದ ಬರೆಯಬೇಕು, ಬರೆಯಬೇಕು ಎಂದುಕೊಂಡು ಮುಂದೆ ಹಾಕಿದ್ದೂ ಅದಕ್ಕೇ.

ಕುಂಟಲಪದವು ದೊಡ್ಡ ಊರೇನಲ್ಲ. ಕಡಬದ ಕಡೆಯಿಂದ ಹೊಳೆ ದಾಟಿ ಬರುವ ಕಾಲುದಾರಿ, ಬೆಳ್ಳಾರೆಯ ಮೇಲಾಗಿ ಸುಳ್ಯಕ್ಕೆ ಇಳಿಯುವ ದಾರಿ, ಪುತ್ತೂರಿಗೆ ಹೋಗುವ ಗಾಡಿದಾರಿ, ಈ ಮೂರೂ ಸೇರುವ ಒಂದು ಬೋಳು ಪದವು, ಎಂದರೆ ಗುಡ್ಡೆಯ ಮೇಲಿನ ಬಯಲು. ಅಲ್ಲಿ ಒಂದು ಅಂಗಡಿ, ಅಂಗಡಿಯ ಹಿಂದೆ ಭಟ್ಟರ ಮನೆ, ಸ್ವಲ್ಪ ಆಚೆ ಶಾಲೆ. ಸುತ್ತಲಿನ ಎಪ್ಪತ್ತೆಂಬತ್ತು ಮನೆಗಳಿಗೆ ಉಪ್ಪು, ಮೆಣಸು, ಸೀಮೆಎಣ್ಣೆ, ಬೆಂಕಿಪೆಟ್ಟಿಗೆ, ಹೊಗೆಸೊಪ್ಪು ಎಲ್ಲ ಅಲ್ಲಿಂದಲೇ. ಭಟ್ಟರು ವಿಟ್ಲದ ಕಡೆಯವರು, ಐವರು ಅಣ್ಣತಮ್ಮಂದಿರಲ್ಲಿ ಕೊನೆಯವರು. ಪಾಲಿಗೆ ಬಂದ ತೋಟ ಒಂದು ಸಂಸಾರಕ್ಕೆ ಸಾಕಾಗದೆ, ಹೆಂಡತಿ ಗೋದಾವರಿಯಮ್ಮನನ್ನು ಕರೆದುಕೊಂಡು ಇಲ್ಲಿಗೆ ಬಂದು ಮುಳಿಹುಲ್ಲಿನ ಮಾಡು ಕಟ್ಟಿ ವ್ಯಾಪಾರಕ್ಕೆ ಕೂತರಂತೆ. ನನಗೆ ಬುದ್ಧಿ ಬರುವಾಗ ಮಾಡಿಗೆ ಹಂಚು ಬಂದಿತ್ತು. ಒಬ್ಬಳೇ ಮಗಳು, ಮದುವೆಯಾಗಿ ಹೋಗಿದ್ದಳು.

ಅಂಗಡಿಗೆ ಯಾರು ಹೋದರೂ ಮೊದಲು ಬೆಲ್ಲ ನೀರು. ಜಗಲಿಯಲ್ಲಿ ಒಂದು ತಂಬಿಗೆ ನೀರು, ಬಾಳೆಲೆಯ ತುಂಡಿನಲ್ಲಿ ಎರಡು ಚೂರು ಬೆಲ್ಲ. ಇದರಲ್ಲಿ ಭಟ್ಟರ ಉಪಚಾರ ಎಷ್ಟಿತ್ತೋ ಕುತೂಹಲವೂ ಅಷ್ಟೇ ಇತ್ತು. ಬೆಲ್ಲ ಬಾಯಲ್ಲಿ ಕರಗುವಷ್ಟು ಹೊತ್ತು ಮನುಷ್ಯ ಕೂತಿರುತ್ತಾನಲ್ಲ, ಅಷ್ಟರಲ್ಲಿ ಅವನ ಮನೆಯ ಸುದ್ದಿಯೆಲ್ಲ ಅವರಿಗೆ ಬೇಕು. “ನಿನ್ನ ಅಜ್ಜಿಗೆ ಈಗ ಕಾಲುನೋವು ಹೇಗುಂಟು?” “ನಿನ್ನ ಅಣ್ಣ ತಮ್ಮ ಈಗ ಮಾತಾಡ್ತಾರಾ, ಇಲ್ವಾ?” “ಸೊಸೆ ತವರಿಗೆ ಹೋದವಳು ಬಂದಳಾ?” ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಪಾವು ಎಣ್ಣೆಗೆ ಹೋದವನು ಇಡೀ ಮನೆಯ ಜಾತಕ ಬಿಚ್ಚಬೇಕು ಎಂದರೆ ಯಾರಿಗಾದರೂ ತಲೆ ಕೆಡುತ್ತದೆ. ಒಮ್ಮೆ ಅಮ್ಮನ ಹತ್ತಿರ ದೂರಿದೆ. ನನ್ನ ಅಮ್ಮ ದೇವಮ್ಮ ಸೌದೆ ಒಲೆಗೆ ದೂಡುತ್ತಾ, “ಕೇಳಿದ್ದಕ್ಕೆ ಹೇಳು ಮಾರಾಯ. ನಾಳೆ ನಿನ್ನ ತಂಗಿ ಮದುವೆಗೆ ಅವರೇ ಪಟ್ಟಿ ಬರೆಯುದು” ಎಂದಳು.

ಈ ಪಟ್ಟಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಯಾವ ಮನೆಯಲ್ಲಿ ಮದುವೆಯಿರಲಿ, ಸತ್ತವರ ಬೊಜ್ಜದ ಊಟವಿರಲಿ, ಮನೆಯ ಯಜಮಾನ ಮೊದಲು ಹೋಗುವುದು ಶ್ಯಾಮ ಭಟ್ಟರ ಅಂಗಡಿಗೆ. ಸಾಮಾನು ಎಷ್ಟು ಬೇಕು ಎಂದು ಅವನು ಹೇಳುವುದಿಲ್ಲ, ಭಟ್ಟರು ಹೇಳುತ್ತಾರೆ. “ಹೇಳಿಕೆ ಯಾರ್ಯಾರಿಗೆ?” ಎಂಬುದು ಅವರ ಮೊದಲ ಪ್ರಶ್ನೆ. ಹೇಳಿಕೆ ಎಂದರೆ ಆಮಂತ್ರಣ. ಯಜಮಾನ ಒಂದೊಂದೇ ಮನೆಯ ಹೆಸರು ಹೇಳುತ್ತಾ ಹೋಗುತ್ತಾನೆ, ಭಟ್ಟರು ಒಂದೊಂದೇ ಹುಣಸೆಬೀಜ ಹಲಗೆಯ ಮೇಲೆ ಇಡುತ್ತಾ ಹೋಗುತ್ತಾರೆ. ಒಂದು ಬೀಜ ಎಂದರೆ ಒಂದು ಎಲೆ. “ಆ ಮನೆಯಿಂದ ಇಬ್ಬರು. ಮುದುಕಿಗೆ ಗುಡ್ಡೆ ಹತ್ತಲಿಕ್ಕೆ ಆಗುದಿಲ್ಲ.” “ಅವರಿಗೆ ಸೂತಕ ಉಂಟು, ಬಿಡು.” “ಅವನ ಮಕ್ಕಳಿಗೆ ಜ್ವರ, ಕೆಮ್ಮು. ಅವನೊಬ್ಬನೇ ಬರುದು, ಆದರೆ ಇಬ್ಬರದ್ದು ಉಣ್ತಾನೆ. ಎರಡು ಇಡುವಾ.” ಹೀಗೆ ಎಲ್ಲ ಮುಗಿದ ಮೇಲೆ ಬೀಜ ಎಣಿಸಿ ಅಕ್ಕಿ ಇಷ್ಟು, ಬೆಲ್ಲ ಇಷ್ಟು, ಬೇಳೆ ಇಷ್ಟು, ಮೆಣಸು, ಕೊತ್ತಂಬರಿ, ಹುಳಿ, ಎಣ್ಣೆ ಇಷ್ಟಿಷ್ಟು ಎಂದು ಉದ್ದದ ಕಾಗದದಲ್ಲಿ ಬರೆದುಕೊಡುತ್ತಿದ್ದರು.

ಇಪ್ಪತ್ತು ವರ್ಷ ಅವರ ಪಟ್ಟಿ ತಪ್ಪಲಿಲ್ಲ. ಮದುವೆ ಮುಗಿದು ಅಡುಗೆಯವರೂ ಉಂಡ ಮೇಲೆ ಪಾತ್ರೆಯ ತಳದಲ್ಲಿ ಒಂದು ಸಟ್ಟುಗ ಅನ್ನ ಉಳಿದಿರುತ್ತಿತ್ತು, ಅಷ್ಟೇ. ಬೊಜ್ಜದ ಮನೆಯಲ್ಲಿ ಅತ್ತವರಿಗೂ, ಮದುವೆ ಮನೆಯಲ್ಲಿ ಕುಡಿದವರಿಗೂ ಅನ್ನ ಸಾಕಾಗಿದೆ. ಊರಿನವರಿಗೆ ಇದು ಆಶ್ಚರ್ಯವೆನಿಸುತ್ತಲೂ ಇರಲಿಲ್ಲ. ಬಾವಿಯಲ್ಲಿ ನೀರಿರುವುದಕ್ಕೆ ಯಾರಾದರೂ ಆಶ್ಚರ್ಯಪಡುತ್ತಾರೆಯೇ.

ಅದರ ಹಿಂದೆ ಒಂದು ಕ್ರಮವಿತ್ತು. ಆಗ ಹೇಳಿಕೆ ಎಂದರೆ ಹೋಗಿ, ಕೂತು, ಬಾಯಲ್ಲಿ ಹೇಳುವುದು. ಅದರಲ್ಲೂ ಎರಡು ನಮೂನೆ. ಹತ್ತಿರದ ಮನೆಗಳಿಗೆ “ಆ ದಿವಸ ಒಲೆಗೆ ಬೆಂಕಿ ಹಾಕುದು ಬೇಡ” ಎನ್ನಬೇಕು, ಎಂದರೆ ಇಡೀ ಮನೆಗೆ ಊಟ. ದೂರದ ಮನೆಗಳಿಗೆ “ಮನೆಯಿಂದ ಒಬ್ಬರಾದರೂ ಬಂದು ನಡೆಸಿಕೊಡಬೇಕು” ಎನ್ನಬೇಕು, ಆಗ ಒಬ್ಬರೇ ಬರುತ್ತಾರೆ. ಹೊಳೆಯಾಚೆಯಿಂದ ಯಾರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಆರು ಮೈಲಿ ಬಿಸಿಲಲ್ಲಿ ನಡೆಯುತ್ತಾರೆ? ಹೊಳೆಯಾಚೆ ಮನೆಗೊಂದು ಎಲೆ ಎಂಬುದು ಭಟ್ಟರ ಕಾಯಂ ಲೆಕ್ಕ. ಅದಕ್ಕೆ ಬೀಜ ಇಡುವಾಗ ಅವರು ತಲೆಯೆತ್ತುತ್ತಲೂ ಇರಲಿಲ್ಲ.

ಐವತ್ತೆಂಟರಲ್ಲಿ ಬಸ್ಸು ಬಂತು. ರಸ್ತೆ ನಾವೇ ಕಡಿದದ್ದು. ಎರಡು ಬೇಸಿಗೆ ಊರಿನ ಗಂಡಸರೆಲ್ಲ ಹಾರೆ ಪಿಕಾಸು ಹಿಡಿದು ಗುಡ್ಡೆ ತಗ್ಗಿಸಿದೆವು, ಭಟ್ಟರು ಕೆಲಸದವರಿಗೆ ದಿನಾ ಬೆಲ್ಲದ ಪಾನಕ ಕಳಿಸಿದರು. ಬಸ್ಸು ತಮ್ಮ ಅಂಗಡಿಯ ಎದುರೇ ನಿಲ್ಲುತ್ತದೆ ಎಂದು ಅವರಿಗೆ ಸಂತೋಷ. ಜನ ನಿಲ್ಲುವಲ್ಲಿ ವ್ಯಾಪಾರ ಎಂದು ಅವರೂ ತಿಳಿದರು, ನಾವೂ ತಿಳಿದೆವು. ಮೊದಲ ದಿನ ಬಸ್ಸಿಗೆ ಮಾವಿನ ತೋರಣ ಕಟ್ಟಿ ಹೂವಿನ ಹಾರ ಹಾಕಿದ್ದು ಗೋದಾವರಿಯಮ್ಮ. ಕಂಡಕ್ಟರ್ ಬಾವ ಎಂಬ ಹುಡುಗಾಟದ ಬ್ಯಾರಿ ಮುಸಲ್ಮಾನ, ಆ ಹಾರವನ್ನು ತನ್ನ ಕೊರಳಿಗೇ ಹಾಕಿಕೊಂಡು ಎಲ್ಲರನ್ನೂ ನಗಿಸಿದ.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ವಿಷಯ ಏನೆಂದು ಗೊತ್ತಾಯಿತು. ಬೆಳಗಿನ ಬಸ್ಸಿಗೆ ಜನ ಭಟ್ಟರ ಜಗಲಿಯಲ್ಲಿ ಕೂತು ಕಾಯುತ್ತಿದ್ದರು, ಅವರ ಬೆಲ್ಲ ತಿಂದು ಅವರ ನೀರು ಕುಡಿದು ಪುತ್ತೂರಿಗೆ ಹೋಗಿ ಸಾಮಾನು ತರುತ್ತಿದ್ದರು. ಪುತ್ತೂರಿನಲ್ಲಿ ಎಲ್ಲ ಉಂಟು, ಆರಿಸಲಿಕ್ಕೆ ಉಂಟು, ಒಂದು ಚಹ ಕುಡಿದು ನಾಲ್ಕು ಜನರನ್ನು ನೋಡಿ ಬಂದ ಹಾಗೂ ಆಯಿತು. ಬಯ್ಯುವುದು ಯಾರನ್ನು? ನಾನೂ ಹೋಗುತ್ತಿದ್ದೆ. ಭಟ್ಟರಲ್ಲಿ ಒಂದೇ ನಮೂನೆ ಸಾಬೂನು, ಅದೂ ಬಟ್ಟೆಗೂ ಮೈಗೂ ಒಂದೇ. ಮೊದಲು ಬಟ್ಟೆಬರೆ ನಿಂತಿತು, ಆಮೇಲೆ ಬೇಳೆ, ಆಮೇಲೆ ಅಕ್ಕಿ. ಕೊಳ್ಳುವವರಿಲ್ಲದೆ ಹುಳ ಹಿಡಿಯುತ್ತದೆಂದು ಅರುವತ್ತರ ಹೊತ್ತಿಗೆ ಅವರು ಅಕ್ಕಿ ತರಿಸುವುದನ್ನೇ ಬಿಟ್ಟರು. ಬೀಡಿ, ಬೆಂಕಿಪೆಟ್ಟಿಗೆ, ಉಪ್ಪು ಮಾತ್ರ ಉಳಿಯಿತು.

ಅಂಗಡಿ ಬರಿದಾದರೂ ಪಟ್ಟಿ ಮಾತ್ರ ಅವರಲ್ಲೇ ಬರೆಸುತ್ತಿದ್ದೆವು. ಬರೆಸಿಕೊಂಡು ಅದೇ ಕಾಗದ ಹಿಡಿದು ಪುತ್ತೂರಿನ ಬಸ್ಸು ಹತ್ತುತ್ತಿದ್ದೆವು. ಇದರಲ್ಲಿ ನಾಚಿಕೆಯ ಸಂಗತಿ ಉಂಟೆಂದು ಆಗ ಯಾರಿಗೂ ತೋರಲಿಲ್ಲ. ಭಟ್ಟರೂ ಒಂದು ದಿನವೂ ಬೇಸರ ತೋರಿಸಿದವರಲ್ಲ. ಗೋದಾವರಿಯಮ್ಮ ಒಮ್ಮೆ ನನ್ನೆದುರೇ, “ಇವರಿಗೆ ಬುದ್ಧಿ ಇಲ್ಲ. ಅಂಗಡಿಯಲ್ಲಿ ಸಾಮಾನಿಲ್ಲ, ಊರಿಗೆಲ್ಲ ಪಟ್ಟಿ ಬರೆಯುದು” ಎಂದರು. ಅವರು ಒಳಗೆ ಹೋದ ಮೇಲೆ ಭಟ್ಟರು ನನ್ನ ಕಡೆ ತಿರುಗಿದರು. “ಅವಳು ಹೇಳುದು ಸರಿ ಬೋಜಪ್ಪ. ಅಂಗಡಿ ಹೋದರೆ ಹೋಗಲಿ, ಇಬ್ಬರ ಹೊಟ್ಟೆಗೆ ಎಷ್ಟು ಬೇಕು? ಸಾಮಾನು ನೀವು ಎಲ್ಲಿಂದಾದ್ರೂ ತನ್ನಿ. ಆದರೆ ಪಟ್ಟಿ ಬರೆಸಲಿಕ್ಕೂ ಜನ ಬರುದಿಲ್ಲ ಅಂತ ಆದ್ರೆ ಮತ್ತೆ ನಾನು ಈ ಊರಲ್ಲಿ ಎಂತಕ್ಕೆ?” ಎಂದು ಕೇಳಿದರು. ನಾನು ಒಂದು ಕಟ್ಟು ಬೀಡಿ ತೆಗೆದುಕೊಂಡು ಬಂದೆ.

ಅರುವತ್ತೊಂದರ ಮೇ ತಿಂಗಳಲ್ಲಿ ನನ್ನ ತಂಗಿ ನೀಲಾವತಿಯ ಮದುವೆ ಗೊತ್ತಾಯಿತು. ಹುಡುಗ ಸುಳ್ಯದಿಂದ ಆಚೆ, ಗುತ್ತಿಗಾರು ಕಡೆಯವನು. ಒಳ್ಳೆಯ ಮನೆತನ, ಸ್ವಲ್ಪ ಬಿಗುಮಾನದ ಜನ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮನೆಗೆ ಯಜಮಾನ ನಾನೇ. ಇಪ್ಪತ್ತೆಂಟು ವರ್ಷದವನಿಗೆ ಯಜಮಾನಿಕೆ ಬಂದರೆ ತಲೆಗೆ ಹತ್ತದೆ ಇರುತ್ತದೆಯೇ. ಗಂಡಿನ ಕಡೆಯವರ ಎದುರು ನಾವೇನು ಕಡಿಮೆ ಎಂದು ತೋರಿಸಬೇಕೆಂದು ನಾನು ಪುತ್ತೂರಿಗೆ ಹೋಗಿ ಒಂದು ಮುದ್ರಣಾಲಯದಲ್ಲಿ ಮದುವೆಯ ಕಾಗದ ಅಚ್ಚು ಹಾಕಿಸಿದೆ. ಕುಂಟಲಪದವಿನಲ್ಲಿ ಅದಕ್ಕಿಂತ ಮೊದಲು ಯಾರೂ ಹಾಕಿಸಿರಲಿಲ್ಲ. ಅಚ್ಚಿನವನು “ಒಕ್ಕಣೆ ಮಾಮೂಲಿಯೇ ಅಲ್ಲವಾ?” ಎಂದು ಕೇಳಿದ. ಮಾಮೂಲಿ ಯಾವುದು, ಬೇರೆ ಯಾವುದು, ನನಗೆಂತ ಗೊತ್ತು? ಹೌದು ಎಂದೆ.

ಕಾಗದ ಚಂದ ಬಂದಿತ್ತು. ಹಳದಿ ಬಣ್ಣ, ಮೇಲೆ ಗಣಪತಿ, ಕೆಳಗೆ ನನ್ನ ಹೆಸರು. ಹತ್ತಿರದ ಮನೆಗಳಿಗೆ ನಾನೂ ಅಮ್ಮನೂ ಕ್ರಮದಂತೆ ಹೋಗಿ ಹೇಳಿದೆವು. ದೂರದ ಮನೆಗಳಿಗೆ, ಹೊಳೆಯಾಚೆಗೆ ನಾನು ಹೋಗಲಿಲ್ಲ. ಆ ಬಿಸಿಲಿಗೆ ಯಾರು ನಡೆಯುತ್ತಾರೆ? ಕಾಗದದ ಕಟ್ಟನ್ನು ಕಂಡಕ್ಟರ್ ಬಾವನ ಕೈಗೆ ಕೊಟ್ಟೆ. ದಾರಿಯಲ್ಲಿ ಸಿಕ್ಕಿದವರಿಗೆ ಹೆಸರು ನೋಡಿ ಹಂಚಿಬಿಡು ಎಂದೆ. ಅವನು ಎರಡು ದಿನದಲ್ಲಿ ಹಂಚಿ ಮುಗಿಸಿದ. ಕಾಗದದಲ್ಲಿ “ತಾವು ಸಕುಟುಂಬ ಪರಿವಾರ ಸಮೇತರಾಗಿ ಬಂದು” ಎಂದು ಇತ್ತು. ನಾನು ಅದನ್ನು ಓದಿದ್ದೆ. ಓದಿ, ಕೇಳಲಿಕ್ಕೆ ಗಂಭೀರವಾಗಿದೆ ಎಂದುಕೊಂಡಿದ್ದೆ. ಅಷ್ಟೇ.

ಪಟ್ಟಿ ಬರೆಸಲು ಹೋದಾಗ ಭಟ್ಟರು ಯಾವಾಗಿನ ಹಾಗೆ “ಹೇಳಿಕೆ ಯಾರ್ಯಾರಿಗೆ?” ಎಂದರು. ನಾನು ಮನೆಗಳ ಹೆಸರು ಹೇಳಿದೆ, ಅವರು ಬೀಜ ಇಟ್ಟರು. ಹೊಳೆಯಾಚೆಯ ಮನೆಗಳು ಬಂದಾಗ, “ನೀನೇ ಹೋಗಿ ಹೇಳಿದೆಯಾ?” ಎಂದು ಕೇಳಿದರು. ಅಚ್ಚಿನ ಕಾಗದದ ವಿಷಯ ಹೇಳಬಹುದಿತ್ತು. ಹೇಳಿದರೆ “ಹೋಗಿ ಹೇಳದೆ ಕಾಗದ ಕೊಟ್ಟದ್ದಾ?” ಎಂದು ಹತ್ತು ಜನರ ಎದುರು ತಮಾಷೆ ಮಾಡುತ್ತಾರೆಂದು ನನಗೆ ಗೊತ್ತಿತ್ತು. “ಹೇಳಿ ಆಗಿದೆ” ಎಂದೆ. ಅವರು ಮನೆಗೊಂದು ಬೀಜ ಇಟ್ಟರು. ಮುನ್ನೂರ ಇಪ್ಪತ್ತು ಎಲೆ ಆಯಿತು. ಎರಡು ಮುಡಿ ಬೆಳ್ತಿಗೆ ಅಕ್ಕಿ, ಮೇಲೆ ಹದಿನಾಲ್ಕು ಸೇರು ಎಂದು ಬರೆದರು. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಒಂದು ಮುಡಿ ಎಂದರೆ ಒಬ್ಬ ಗಟ್ಟಿ ಆಳಿಗೆ ಒಂದು ಹೊರೆ. ದಿನದ ಗಂಜಿಗೆ ಕುಚ್ಚಲಕ್ಕಿಯಾದರೂ ಮದುವೆಗೆ ಬೇಗ ಬೇಯುವ ಬಿಳಿ ಬೆಳ್ತಿಗೆಯೇ ಆಗಬೇಕು. “ಸಾಮಾನು?” ಎಂದು ಕೇಳಿದರು. “ಪುತ್ತೂರಿಂದ ತರುದು ಅಂತ.” “ಆಯ್ತು ಆಯ್ತು. ಬೇಳೆ ಮಾತ್ರ ಬಾಯಿಗೆ ಹಾಕಿ ನೋಡಿ ತಾ, ಹಳತು ಕೊಟ್ಟಾರು” ಎಂದು ಕಾಗದ ಮಡಿಸಿ ಕೊಟ್ಟರು.

ಮದುವೆಯ ದಿನ ಹನ್ನೊಂದು ಗಂಟೆಯ ಬಸ್ಸು ಬಂದು ನಿಂತಾಗ ನಾನು ಚಪ್ಪರದ ಬಾಗಿಲಲ್ಲಿದ್ದೆ. ನಮ್ಮ ಮನೆಯಿಂದ ನೋಡಿದರೆ ಭಟ್ಟರ ಅಂಗಡಿಯೂ ಬಸ್ಸು ನಿಲ್ಲುವ ಜಾಗವೂ ಕಾಣುತ್ತದೆ. ಬಸ್ಸಿನಿಂದ ಜನ ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ಮುದುಕಿಯರು, ಬಸುರಿಯರು, ಕಂಕುಳಲ್ಲಿ ಮಕ್ಕಳು. ಕಡಬದ ಕಡೆಯವರು ಹೊಳೆ ದಾಟಿ ಮುಖ್ಯರಸ್ತೆಗೆ ಬಂದು ಬಸ್ಸು ಹಿಡಿದಿದ್ದರು. ಹನ್ನೆರಡರ ಬಸ್ಸಿನಲ್ಲಿ ಮತ್ತಷ್ಟು. ಒಂದು ಮನೆಯವರು ತೋಟದ ಆಳುಗಳನ್ನೂ ಕರೆದುಕೊಂಡು ಬಂದಿದ್ದರು, ಎಲ್ಲರೂ ಒಗೆದ ಬಟ್ಟೆ ಉಟ್ಟಿದ್ದರು. ಬಂದವರು ನನ್ನ ಕೈ ಹಿಡಿದು, “ಇಡೀ ಮನೆಗೆ ಹೇಳಿದಿರಿ, ಬಾರದೆ ಇರಲಿಕ್ಕೆ ಆಗ್ತದಾ” ಎಂದು ಸಂತೋಷಪಟ್ಟರು. ಆಗ ಕಾಗದದ ಒಕ್ಕಣೆ ನೆನಪಾಯಿತು. ನಗುತ್ತಾ ಒಳಗೆ ಕರೆದೆ.

ಭಟ್ಟರು ಚಪ್ಪರದ ಮೂಲೆಯ ಬೆಂಚಿನಲ್ಲಿ ಕೂತಿದ್ದರು. ನಮ್ಮ ಮನೆಗಳಲ್ಲಿ ಅವರು ಉಣ್ಣುವ ಕ್ರಮವಿಲ್ಲ. ಒಂದು ಬೊಂಡದ ಎಳನೀರು ಕುಡಿದು, ಎಲೆಯಡಿಕೆ ಹಾಕಿ, ಎಲ್ಲರೂ ಉಂಡು ಏಳುವವರೆಗೆ ಕೂತು ಹೋಗುವುದು ಅವರ ಪದ್ಧತಿ. ತಮ್ಮ ಪಟ್ಟಿ ಸರಿಯಾಯಿತು ಎಂದು ಕಣ್ಣಾರೆ ಕಂಡು ಹೋಗುವುದು ಅವರಿಗೆ ಊಟಕ್ಕಿಂತ ದೊಡ್ಡದು. ಜನ ತುಂಬುತ್ತಿದ್ದ ಹಾಗೆ ಅವರ ಮುಖ ಸಣ್ಣದಾದದ್ದನ್ನು ನಾನು ದೂರದಿಂದ ನೋಡಿದೆ. ಹೊಳೆಯಾಚೆಯ ಶೀನಪ್ಪನನ್ನು ಕರೆದು ಏನೋ ಕೇಳಿದರು. ಶೀನಪ್ಪ ಹೆಮ್ಮೆಯಿಂದ ಅಂಗಿಯ ಕಿಸೆಯಿಂದ ಹಳದಿ ಕಾಗದ ತೆಗೆದು ಕೊಟ್ಟ. ಭಟ್ಟರು ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಪೂರ್ತಿ ಓದಿದರು. ತಿರುಗಿ ಕೊಟ್ಟರು. ಅವರು ಓದಿದ್ದನ್ನು ನಾನು ನೋಡಿದೆ. ಇದು ಮುಖ್ಯ.

ಎರಡು ಪಂಕ್ತಿ ಮುಗಿದು ಮೂರನೆಯದಕ್ಕೆ ಎಲೆ ಹಾಕಿದಾಗ ಅಡುಗೆಯ ಸಂಕಪ್ಪ ನನ್ನನ್ನು ಹಿತ್ತಿಲಿಗೆ ಕರೆದ. “ಬೋಜಪ್ಪಣ್ಣ, ಅಕ್ಕಿ ಮುಗೀತು. ಹಂಡೆಯಲ್ಲಿ ಇರುದು ಮೂವತ್ತು ಎಲೆಗೆ ಸಾಕು.” ಹೊರಗೆ ಇನ್ನೂರು ಜನ, ಅದರಲ್ಲಿ ಗಂಡಿನ ಕಡೆಯ ಹಿರಿಯರು ಅರ್ಧ. ಮನೆಯಲ್ಲಿ ಇದ್ದದ್ದು ಕುಚ್ಚಲಕ್ಕಿ. ಅದು ಬೇಯಲಿಕ್ಕೆ ಒಂದೂವರೆ ಗಂಟೆ ಬೇಕು, ಅಷ್ಟರವರೆಗೆ ಎಲೆಯ ಮುಂದೆ ಕೂತವರನ್ನು ಏಳಿ ಎನ್ನುವುದು ಹೇಗೆ? ಹುಡುಗರು ಸುತ್ತಲಿನ ಮನೆಗಳಿಗೆ ಓಡಿದರು. ಮೇ ತಿಂಗಳಲ್ಲಿ ಯಾರ ಮನೆಯಲ್ಲಿ ಬೆಳ್ತಿಗೆ ಇರುತ್ತದೆ? ಒಬ್ಬರಲ್ಲಿ ಎರಡು ಸೇರು, ಇನ್ನೊಬ್ಬರಲ್ಲಿ ಮೂರು. ಬಸ್ಸು ಬರುವ ಮೊದಲಾಗಿದ್ದರೆ ಭಟ್ಟರ ಅಂಗಡಿಯಿಂದ ತರುತ್ತಿದ್ದೆವು. ಅಲ್ಲಿ ಅಕ್ಕಿ ಇಲ್ಲ ಎಂಬುದು ಆಗ ನೆನಪಾಯಿತು. ಇಲ್ಲದ ಹಾಗೆ ಮಾಡಿದ್ದು ನಾವೇ.

ಬೆಂಚಿನಲ್ಲಿ ಭಟ್ಟರು ಇರಲಿಲ್ಲ. ಕೆಲಸ ಕೆಟ್ಟದ್ದು ನೋಡಿ ಮೆಲ್ಲ ಜಾರಿದರು ಎಂದುಕೊಂಡೆ. ನನ್ನ ಬುದ್ಧಿ ಹೋಗುವುದು ಯಾವಾಗಲೂ ಅತ್ತಲೇ. ಎಲೆಯ ಮುಂದೆ ಕೂತವರಲ್ಲಿ ಗುಸುಗುಸು ಸುರುವಾಯಿತು. ಒಂದು ಮಗು ಅತ್ತಿತು. ಗಂಡಿನ ಸೋದರಮಾವ ಎದ್ದು ಬಂದು ನನ್ನ ಸೋದರಮಾವ ಜತ್ತಪ್ಪ ಗೌಡರ ಹತ್ತಿರ ಕೇಳಿದರು, “ಎಂತ ಗೌಡ್ರೆ, ಹೆಣ್ಣಿನ ಮನೆಯಲ್ಲಿ ಅನ್ನಕ್ಕೇ ತತ್ವಾರವಾ?” ಮಾವನ ಮುಖ ಕಪ್ಪಾಯಿತು. ನನ್ನ ಕಡೆ ತಿರುಗಿ, “ಪಟ್ಟಿ ಬರೆದದ್ದು ಯಾರು?” ಎಂದರು.

ಆಗಲೇ ಭಟ್ಟರು ಬಂದದ್ದು. ತಲೆಯ ಮೇಲೆ ಒಂದು ಮುಡಿ ಅಕ್ಕಿ. ಐವತ್ತೆಂಟು ವರ್ಷದ ಮನುಷ್ಯ, ಜೀವನದಲ್ಲಿ ಹೊರೆ ಹೊತ್ತವರಲ್ಲ. ಬಿಸಿಲಿಗೆ ಮೈಯೆಲ್ಲ ಬೆವರು. ಅವರ ತಾಯಿಯ ತಿಥಿ ಎರಡು ದಿನದಲ್ಲಿತ್ತು, ಅದಕ್ಕೂ ಮುಂದಿನ ಹಬ್ಬಗಳಿಗೂ ಎಂದು ಗೋದಾವರಿಯಮ್ಮ ಅಟ್ಟದಲ್ಲಿ ಇಟ್ಟುಕೊಂಡಿದ್ದ ಬೆಳ್ತಿಗೆ ಅದು. ಸಂಕಪ್ಪ ಓಡಿ ಬಂದು ಮುಡಿ ಇಳಿಸಿಕೊಂಡ. ಭಟ್ಟರು ಚಪ್ಪರದ ಕಂಬ ಹಿಡಿದು ನಿಂತು ಉಸಿರು ತೆಗೆಯುತ್ತಿದ್ದರು. ಮಾವ ನನ್ನನ್ನೇ ನೋಡುತ್ತಿದ್ದರು. ಗಂಡಿನ ಕಡೆಯವರೂ ನೋಡುತ್ತಿದ್ದರು.

ನಾನು ಭಟ್ಟರ ಮೇಲೆ ಎಗರಿದೆ. “ಇಪ್ಪತ್ತು ವರ್ಷ ಪಟ್ಟಿ ಬರೆದವರು ಅಂತ ನಿಮ್ಮನ್ನು ನಂಬಿದ್ದಕ್ಕೆ ಸರಿಯಾದ್ದೇ ಮಾಡಿದ್ರಿ ಭಟ್ರೆ. ಪ್ರಾಯ ಆಯ್ತು, ಲೆಕ್ಕ ಗೊತ್ತಾಗುದಿಲ್ಲ ಅಂದ್ರೆ ಆಗುದಿಲ್ಲ ಅಂತ ಹೇಳ್ಬೇಕಿತ್ತು. ಇವತ್ತು ನಮ್ಮ ಮಾನ ಹೋಯ್ತು.” ಇಷ್ಟನ್ನು ನಾನು ಮುನ್ನೂರು ಜನ ಕೇಳುವ ಹಾಗೆ ಹೇಳಿದೆ. ಹೇಳುತ್ತಿರುವಾಗಲೇ ಇದು ಸುಳ್ಳೆಂದು ನನಗೆ ಗೊತ್ತಿತ್ತು, ಅವರಿಗೆ ಗೊತ್ತೆಂದೂ ಗೊತ್ತಿತ್ತು. ಅವರು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾಗದ ಹಿಡಿದುಕೊಂಡ ಶೀನಪ್ಪ ಅಲ್ಲೇ ಇದ್ದ.

ಭಟ್ಟರು ನನ್ನ ಮುಖ ನೋಡಿದರು. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ನೋಡಿದ್ದರೆ ನನಗೆ ಈಗ ಸ್ವಲ್ಪ ನಿದ್ದೆ ಬರುತ್ತಿತ್ತು. “ತಪ್ಪಿತು ಮಾರಾಯ. ಲೆಕ್ಕ ತಪ್ಪಿತು” ಎಂದರು. ಹೆಗಲಿನ ವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು ಮನೆಗೆ ಹೋದರು.

ಅನ್ನ ಇಪ್ಪತ್ತು ನಿಮಿಷದಲ್ಲಿ ಬೆಂದಿತು. ಸಾರು ನೀರಾಗಿತ್ತು, ಪಾಯಸ ಇರಲಿಲ್ಲ, ಆದರೆ ಎಲೆಯ ಮುಂದೆ ಕೂತವರು ಯಾರೂ ಹಸಿದು ಏಳಲಿಲ್ಲ. ಮದುವೆ ಮುಗಿಯಿತು. ನೀಲಾವತಿ ಅಳುತ್ತಾ ಗಂಡನ ಮನೆಗೆ ಹೋದಳು. ಅಮ್ಮ ಅವತ್ತೇ ಸಂಜೆ, “ಭಟ್ರ ಹತ್ರ ಹೋಗಿ ಬಾ” ಎಂದಳು. ನಾಳೆ ಹೋಗುತ್ತೇನೆ ಎಂದೆ. ಮರುದಿನ ಭಟ್ಟರು ಬೆಳಗಿನ ಬಸ್ಸಿಗೆ ಪುತ್ತೂರಿಗೆ ಹೋಗಿ ತಿಥಿಗೆ ಅಕ್ಕಿ ತಂದರು ಎಂದು ಯಾರೋ ಹೇಳಿದರು. ಆಮೇಲೆ ನನಗೆ ಹೋಗಲು ಮುಖವೇ ಬರಲಿಲ್ಲ. ಮಳೆಗಾಲ ಮುಗಿದ ಮೇಲೆ ಎರಡು ಮುಡಿ ಬೆಳ್ತಿಗೆ ಆಳಿನ ಕೈಯಲ್ಲಿ ಕಳಿಸಿದೆ. ಒಂದನ್ನು ಇಟ್ಟುಕೊಂಡು ಒಂದನ್ನು ತಿರುಗಿ ಕಳಿಸಿದರು.

ಊರಿನಲ್ಲಿ ಮಾತು ಹರಡಿತು. ಭಟ್ಟರಿಗೆ ಅರಳು ಮರಳು, ಲೆಕ್ಕ ತಪ್ಪುತ್ತದೆ, ಬೋಜಪ್ಪನ ಮನೆಯಲ್ಲಿ ಏನಾಯಿತು ನೋಡಿ. ನಾನು ಕೇಳಿಕೊಂಡು ಸುಮ್ಮನಿದ್ದೆ. ಮುಂದಿನ ಬೇಸಿಗೆಯಲ್ಲಿ ಸುತ್ತಮುತ್ತ ಆರು ಮದುವೆಯಾಯಿತು. ಒಬ್ಬರೂ ಪಟ್ಟಿ ಬರೆಸಲು ಹೋಗಲಿಲ್ಲ. ಎಲ್ಲರೂ ಕಾಗದ ಅಚ್ಚು ಹಾಕಿಸಿದರು, ಎಲ್ಲರೂ ಅಂದಾಜಿನ ಮೇಲೆ ಸಾಮಾನು ತಂದರು. ಎರಡು ಮನೆಯಲ್ಲಿ ಅನ್ನ ಹಿತ್ತಿಲ ಗುಂಡಿಗೆ ಹೋಯಿತು, ಒಂದು ಮನೆಯಲ್ಲಿ ಸಾಲದೆ ಬಂತು. ಆಗೆಲ್ಲ ಭಟ್ಟರು ಅಂಗಡಿಯ ಹಲಗೆಯ ಮೇಲೆ ಕೂತು ದಾರಿ ನೋಡುತ್ತಿದ್ದರಂತೆ. ಯಾರಾದರೂ ಮದುವೆಯ ಮನೆಯವರು ಬಸ್ಸಿಗೆಂದು ಬಂದರೆ ಎದ್ದು ಬೆಲ್ಲ ನೀರು ತಂದಿಡುತ್ತಿದ್ದರಂತೆ, ಹೇಳಿಕೆ ಯಾರ್ಯಾರಿಗೆ ಎಂದು ಮಾತ್ರ ಕೇಳುತ್ತಿರಲಿಲ್ಲವಂತೆ. ನಾನು ಬಸ್ಸು ಹತ್ತಲು ಒಂದು ಮೈಲಿ ನಡೆದು ಮುಂದಿನ ತಿರುವಿಗೆ ಹೋಗುತ್ತಿದ್ದೆ.

ಅರುವತ್ತಮೂರರ ದೀಪಾವಳಿ ಕಳೆದು ಅಂಗಡಿಯ ಬಾಗಿಲು ತೆಗೆಯಲಿಲ್ಲ. ಮನೆಯನ್ನು ಶಾಲೆಯ ಮಾಸ್ಟ್ರಿಗೆ ಬಿಟ್ಟು ಗಂಡ ಹೆಂಡತಿ ಪುತ್ತೂರಿಗೆ ಹೋದರೆಂದು ಬಾವ ಹೇಳಿದ. ಅವನ ಬಸ್ಸಿನಲ್ಲೇ ಹೋದದ್ದು. ಬೀಳ್ಕೊಡಲು ಎಷ್ಟು ಜನ ಬಂದಿದ್ದರು ಎಂದು ಕೇಳಿದೆ. “ಯಾರೂ ಇಲ್ಲ. ಭಟ್ರು ಯಾರಿಗೂ ಹೇಳಿರ್ಲಿಲ್ಲ ಅಲ್ವಾ” ಎಂದ.

ಅರುವತ್ತನಾಲ್ಕರ ಫೆಬ್ರವರಿಯಲ್ಲಿ ನನ್ನದೇ ಮದುವೆ ಗೊತ್ತಾಯಿತು. ಸಾಮಾನು ತರಲು ಪುತ್ತೂರಿನ ಪೇಟೆಗೆ ಹೋದೆ. ದೊಡ್ಡ ಜಿನಸಿನ ಅಂಗಡಿ, ನಾಲ್ಕು ತಕ್ಕಡಿ, ಎದುರು ಉದ್ದದ ಸಾಲು. ನನ್ನ ಸರದಿ ಬಂದಾಗ ನೋಡಿದರೆ ಸಾಲಿನ ಮುಂತುದಿಯಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಶ್ಯಾಮ ಭಟ್ಟರು. ಗಿರಾಕಿಗಳು ಹೇಳಿದ್ದನ್ನು ಚೀಟಿಯಲ್ಲಿ ಬರೆದು ಒಳಗೆ ತೂಗುವವರಿಗೆ ಕೊಡುವುದು ಅವರ ಕೆಲಸ. ತುಂಬ ಬಡಕಲಾಗಿದ್ದರು. ನನಗೆ ತಿರುಗಿ ಹೋಗಿಬಿಡೋಣ ಎನಿಸಿತು. ಆದರೆ ಅವರು ನನ್ನನ್ನು ನೋಡಿ ಆಗಿತ್ತು.

“ಬೋಜಪ್ಪನಾ, ಬಾ. ದೇವಮ್ಮ ಹೇಗಿದ್ದಾರೆ? ನೀಲಾವತಿಗೆ ಮಕ್ಕಳು?”

“ಒಂದು ಗಂಡು” ಎಂದೆ. ಮತ್ತೆ ತಡೆಯಲಾಗಲಿಲ್ಲ. “ಭಟ್ರೆ, ಅವತ್ತು ಕಾಗದ ಅಚ್ಚು ಹಾಕಿಸಿದ್ದು ನಾನು. ನಿಮ್ಮ ಹತ್ರ ಸುಳ್ಳು ಹೇಳಿದ್ದು ನಾನು. ನೀವು ಅದನ್ನು ಓದಿದ್ದು ನಾನು ನೋಡಿದ್ದೇನೆ. ನೀವು ಯಾಕೆ ಹೇಳಲಿಲ್ಲ?”

ಅವರು ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು. “ನಿನ್ನ ತಂಗಿ ಆ ಮನೆಗೆ ಹೋಗ್ಲಿಕ್ಕಿತ್ತಲ್ಲ. ಅಣ್ಣ ಕರೆದು ಊಟ ಹಾಕ್ಲಿಲ್ಲ ಅಂತ ಅವಳಿಗೆ ಜೀವನಪೂರ್ತಿ ಮಾತು ಬರ್ತಿತ್ತು. ಅಂಗಡಿಯವನಿಗೆ ಲೆಕ್ಕ ತಪ್ಪಿದ್ದು ಅಂದ್ರೆ ಒಂದು ವಾರಕ್ಕೆ ಮರೀತಾರೆ ಅಂತ ಅಂದುಕೊಂಡೆ.” ಎದುರಿನ ಚೀಟಿಗಳನ್ನು ಜೋಡಿಸುತ್ತಾ, “ಮತ್ತೆ, ತಪ್ಪು ನನ್ನದೂ ಹೌದು. ಬಸ್ಸು ಬಂದು ಮೂರು ವರ್ಷ ಆಗಿತ್ತು. ನಾನು ಇನ್ನೂ ನಡೆದು ಬರುವವರನ್ನೇ ಎಣಿಸ್ತಾ ಇದ್ದೆ” ಎಂದರು.

“ನಾನು ಊರಲ್ಲಿ ಎಲ್ಲರಿಗೂ ಹೇಳ್ತೇನೆ ಭಟ್ರೆ. ನನ್ನ ಮದುವೆಯಲ್ಲೇ ಹೇಳ್ತೇನೆ.”

“ಹೇಳಿ ಎಂತ ಮಾಡುದು? ಪಟ್ಟಿ ಬರೆಸ್ಲಿಕ್ಕೆ ಅಂತ ಯಾರಾದ್ರೂ ನನ್ನನ್ನು ಹುಡುಕಿಕೊಂಡು ಇಲ್ಲಿಗೆ ಬರ್ತಾರಾ? ಬಿಡು. ಸಾಮಾನು ಹೇಳು, ಹಿಂದೆ ಜನ ನಿಂತಿದ್ದಾರೆ.”

ಅಕ್ಕಿ ಎಂದೆ. ಎಷ್ಟು ಎಂದರು. ನನ್ನ ಕೈಯಲ್ಲಿ ಚೀಟಿ ಇರಲಿಲ್ಲ. ಮನೆಯಲ್ಲಿ ಕೂತು ನಾನೂ ಮಾವನೂ ಸಂಕಪ್ಪನೂ ಮೂರು ದಿನ ಜಗಳಾಡಿ ಒಂದು ತೀರ್ಮಾನಕ್ಕೆ ಬಂದಿರಲಿಲ್ಲ. “ನೀವೇ ಹೇಳಿ” ಎಂದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಧಣಿ ತಲೆಯೆತ್ತಿ ಭಟ್ಟರನ್ನು ನೋಡಿದರು. ಭಟ್ಟರು ದನಿ ತಗ್ಗಿಸಿ, “ಇಲ್ಲಿ ಹಾಗೆಲ್ಲ ಹೇಳ್ಲಿಕ್ಕಿಲ್ಲ ಬೋಜಪ್ಪ. ಗಿರಾಕಿ ಹೇಳಿದ್ದು ಬರೆಯುದು ಮಾತ್ರ” ಎಂದರು.

ಹಿಂದಿನವನು ನನ್ನ ಬೆನ್ನಿಗೆ ಚೀಲ ತಾಗಿಸಿ ಬೇಗ ಬೇಗ ಎಂದ. ನಾನು ಬಾಯಿಗೆ ಬಂದದ್ದು ಹೇಳಿದೆ, ನೂರೈವತ್ತು ಕಿಲೋ. ಅದು ಹೆಚ್ಚೋ ಕಡಿಮೆಯೋ ಅವರಿಗೆ ಗೊತ್ತಿತ್ತು. ಪೆನ್ನು ಕಾಗದದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವರು ನೂರೈವತ್ತು ಎಂದೇ ಬರೆದುಕೊಂಡು, “ಮತ್ತೆ?” ಎಂದರು.